ಸಹಾಯ ಬೇಕು: ಡ್ರೋನ್ ಕಾರ್ಡ್‌ನಲ್ಲಿರೋ ಕೊನೇ ಕ್ಲಿಪ್ ಓಪನ್ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಲ್ಯಾಂಡಿಂಗ್ ಸ್ವಲ್ಪ ಜೋರಾಗೇ ಆಗಿ, ಬ್ಯಾಟರಿ ಕಳಚಿಕೊಂಡು ಡ್ರೋನ್ ಆಫ್ ಆಯ್ತು. ರೆಕಾರ್ಡಿಂಗ್ ಇನ್ನೂ ನಡೀತಾ ಇತ್ತು, ಸ್ಟಾಪ್ ಒತ್ತೋಕೆ ಟೈಮೇ ಸಿಗ್ಲಿಲ್ಲ. ಉಳಿದ ಕ್ಲಿಪ್‌ಗಳೆಲ್ಲ ಸರಿ ಇವೆ, ಲ್ಯಾಪ್‌ಟಾಪ್‌ಗೂ ಹಾರ್ಡ್‌ಡಿಸ್ಕ್‌ಗೂ ಕಾಪಿ ಮಾಡ್ಕೊಂಡಿದೀನಿ. ಕೊನೇದು ಮಾತ್ರ ಸೈಜ್ 2.8 ಜಿಬಿ ತೋರಿಸುತ್ತೆ, ಆದ್ರೆ ಯಾವ ಪ್ಲೇಯರ್‌ನಲ್ಲೂ ತೆರೆಯಲ್ಲ. ನನಗೆ ಬೇಕಾಗಿರೋದೂ ಅದೇ ಕ್ಲಿಪ್ಪು, ಹಣೆಬರಹ ನೋಡಿ!

ಬೇರೆ ಕಾರ್ಡ್ ರೀಡರ್, ಬೇರೆ ಕಂಪ್ಯೂಟರ್, ವಿಎಲ್‌ಸಿ ಎಲ್ಲಾ ಆಯ್ತು. ಎಂಪಿ4 ಫೈಲ್‌ನ ಸೂಚಿಯನ್ನ (ಒಳಗೆ ಯಾವ ಭಾಗ ಎಲ್ಲಿದೆ ಅನ್ನೋ ಪಟ್ಟಿ) ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಬರೆಯೋದು, ಅದಿಲ್ದೆ ಒಳಗೆ ವಿಡಿಯೋ ಇದ್ರೂ ಪ್ಲೇಯರ್‌ಗೆ ಓದೋಕಾಗಲ್ಲ ಅನ್ನೋದು ಗೊತ್ತಾಯ್ತು. ಆಮೇಲಿಂದ ಆ ಕಾರ್ಡ್‌ಗೆ ಏನೂ ಬರೆದಿಲ್ಲ.

ಈಗ ಸಿಕ್ಕಾಕೊಂಡಿರೋದು ಇಲ್ಲಿ. ಕಾರ್ಡನ್ನ ಅದೇ ಡ್ರೋನ್‌ಗೆ ಹಾಕಿ ಆನ್ ಮಾಡಿ, ತಾನೇ ರಿಪೇರಿ ಮಾಡ್ಕೊಳುತ್ತೆ ಅಂತ ಒಬ್ರು ಹೇಳ್ತಾರೆ. ಇನ್ನೊಬ್ರು, ಬೇಡವೇ ಬೇಡ, ಮೊದಲು ಇಡೀ ಕಾರ್ಡಿನ ಇಮೇಜ್ (ಅಂದ್ರೆ ಕಾರ್ಡ್‌ನಲ್ಲಿರೋದನ್ನೆಲ್ಲ ಇದ್ದ ಹಾಗೇ ಒಂದು ಫೈಲ್ ಆಗಿ ಕಾಪಿ) ತೆಗೀರಿ, ಆಮೇಲೆ ಅದೇ ಸೆಟ್ಟಿಂಗ್‌ನ ಒಂದು ಒಳ್ಳೇ ಕ್ಲಿಪ್ ಮಾದರಿಯಾಗಿ ಕೊಟ್ಟು ಅನ್‌ಟ್ರಂಕ್ ಅನ್ನೋ ವಿಡಿಯೋ ರಿಪೇರಿ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಿ ಅಂತಾರೆ. ಡ್ರೋನ್ ಎಲ್ಲಿ ಫಾರ್ಮ್ಯಾಟ್ ಕೇಳಿಬಿಡುತ್ತೋ ಅಂತ ನನಗೆ ಭಯ.

ಇಮೇಜ್ ತೆಗೆದಿಟ್ಕೊಂಡ ಮೇಲೆ ಮೊದಲು ಯಾವುದು ಮಾಡ್ಲಿ, ಡ್ರೋನಾ ಅನ್‌ಟ್ರಂಕಾ? ಕ್ಲಿಪ್ ಹೆಚ್.265 ಅನ್ನೋ ವಿಡಿಯೋ ಕಂಪ್ರೆಷನ್ ವಿಧಾನದಲ್ಲಿದೆ, ಇದೇ ಥರದ ಫೈಲ್ ಯಾರಾದ್ರೂ ಉಳಿಸ್ಕೊಂಡಿದ್ದೀರಾ?