ಮಳೆಗಾಲದಲ್ಲಿ ತ್ರಿಫಲಾ ಚೂರ್ಣ ಗಂಟು ಕಟ್ಟುತ್ತಿದೆ, ಎಲ್ಲಿ ತಪ್ಪುತ್ತಿದ್ದೇವೆ?

ಪ್ರಶ್ನೆ (ಮಂಡ್ಯ): ನಮ್ಮದು ಸಣ್ಣ ಘಟಕ. ಜೂನ್‌ನಿಂದೀಚೆಗೆ ಮಾಡಿದ ತ್ರಿಫಲಾ (ಅಳಲೆ, ತಾರೆ, ನೆಲ್ಲಿ ಕಾಯಿಗಳ ಪುಡಿ) ಡಬ್ಬಿಯಲ್ಲೇ ಗಂಟು ಕಟ್ಟುತ್ತಿದೆ, ಬಣ್ಣವೂ ಕಪ್ಪಗಾಗಿದೆ. ಒಂದು ಬ್ಯಾಚ್ ಬೂಷ್ಟಿನ ಎಣಿಕೆಯಲ್ಲಿ ಫೇಲಾಯಿತು. ಕಾಯಿ ಎರಡು ದಿನ ಬಿಸಿಲಲ್ಲಿ ಒಣಗಿಸಿಯೇ ಪುಡಿಗೆ ಹಾಕುತ್ತೇವೆ. ತಿಳಿದವರು ಹೇಳಿ.

ಮೈಸೂರು, ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗ: ದೂರು ಮೂರು, ಕಾರಣವೂ ಮೂರಿರಬಹುದು. ಗಂಟಿಗೆ ಮೊದಲು ನೆಲ್ಲಿಚೆಟ್ಟನ್ನು (ಒಣಗಿಸಿದ ನೆಲ್ಲಿಕಾಯಿ) ನೋಡಿ. ಮುಟ್ಟಿದರೆ ಒಣಗಿದಂತಿದ್ದು ಒಳಗೆ ಮೆತ್ತಗಿರುತ್ತದೆ. ಮೋಡದ ದಿನದ ಬಿಸಿಲು ಲೆಕ್ಕಕ್ಕಿಲ್ಲ. ಟ್ರೇ ಡ್ರೈಯರ್‌ನಲ್ಲಿ 50–55 ಡಿಗ್ರಿಯಲ್ಲಿ ಒಣಗಿಸಿ, ಮುರಿದರೆ ಟಕ್ಕೆನ್ನಬೇಕು. ಆಮೇಲೆ 5 ಗ್ರಾಂ ಪುಡಿಯನ್ನು 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ತೇವ ತಾಗದ ಮುಚ್ಚಿದ ಗಾಜಿನ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ ತೂಗಿ. 0.4 ಗ್ರಾಂ ಇಳಿದರೆ ತೇವ ಶೇ 8. ಅದಕ್ಕಿಂತ ಹೆಚ್ಚಿದ್ದರೆ ನಾನಂತೂ ಪ್ಯಾಕಿಂಗಿಗೆ ಬಿಡಲ್ಲ.

ಮದ್ದೂರು, ಉತ್ಪಾದನೆ: ಮೇಲಿನ ಮಾತು ಸರಿ, ಆದರೆ ಚೆನ್ನಾಗಿ ಒಣಗಿದ ಪುಡಿಯೂ ಗಂಟಾಗುತ್ತದೆ. ಪಲ್ವರೈಸರ್‌ನಿಂದ (ಪುಡಿ ಮಾಡುವ ಯಂತ್ರ) ಬಿಸಿಬಿಸಿ ಬಂದದ್ದನ್ನು ತುಂಬಿ ಮುಚ್ಚಿದರೆ ಆವಿ ಮುಚ್ಚಳದಡಿ ಹನಿಗಟ್ಟಿ ಕೆಳಗಿಳಿಯುತ್ತದೆ. ಗಂಟು ಡಬ್ಬಿಯ ಮೇಲ್ಭಾಗದಲ್ಲೇ ಇದ್ದರೆ ಇದನ್ನೇ ಶಂಕಿಸಿ. ಹಾಗಂತ ರಾತ್ರಿಯೆಲ್ಲ ಬಯಲಲ್ಲಿ ಹರಡಿದರೆ ನಮ್ಮ ನಾಲೆ ಸೀಮೆಯ ತೇವವನ್ನೆಲ್ಲ ಕುಡಿದುಬಿಡುತ್ತದೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇರುವ ಕೋಣೆಯಲ್ಲಿ, ಗಾಳಿಯ ತೇವಾಂಶದ ಮೀಟರ್ ಶೇ 50ರೊಳಗೆ ತೋರಿಸುವಾಗ ಆರಿಸಿ, ಅಲ್ಲೇ ತುಂಬಿ.

ಇನ್ನು ಕಪ್ಪು ಬಣ್ಣ. ಪಲ್ವರೈಸರ್ ಒಳಗಿನ ಸುತ್ತಿಗೆ, ಜಾಲರಿ ಮಾಮೂಲಿ ಕಬ್ಬಿಣದ್ದಾ? ಅಳಲೆ, ತಾರೆ, ನೆಲ್ಲಿ ಮೂರರಲ್ಲೂ ಒಗರು ಕೊಡುವ ಟ್ಯಾನಿನ್ ಇದೆ, ತೇವ ಸಿಕ್ಕರೆ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಶಾಯಿ ಮಾಡುತ್ತಿದ್ದುದೂ ಹೀಗೇ! ಪುಡಿ ತಾಗುವ ಭಾಗವೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಆಗಲಿ, ಜರಡಿಯ ನಂತರ ಅಯಸ್ಕಾಂತ ಇಡಿ.

ನಂಜನಗೂಡು, ಲ್ಯಾಬ್: ಬೂಷ್ಟು ಬರುವುದು ಹೆಚ್ಚಾಗಿ ಚೀಲದ ತಳದಿಂದ. ಮೇಲಿನ ಹಿಡಿಯಷ್ಟು ನೋಡಿ ಸರಕು ಇಳಿಸಿಕೊಳ್ಳಬೇಡಿ. ಚೀಲಗಳ ಸಂಖ್ಯೆಯ ವರ್ಗಮೂಲಕ್ಕೆ ಒಂದು ಸೇರಿಸಿ, ಅಷ್ಟನ್ನು ಬಿಚ್ಚಿ: 16 ಚೀಲಕ್ಕೆ 5. ಪ್ರತಿಯೊಂದರ ಮೇಲೆ, ನಡುವೆ, ತಳದಿಂದ ಮಾದರಿ ತೆಗೆಯಿರಿ. ಚೂರ್ಣಕ್ಕೆ ಮಿತಿ ಗ್ರಾಂಗೆ ಬ್ಯಾಕ್ಟೀರಿಯಾ 1 ಲಕ್ಷ, ಬೂಷ್ಟು ಮತ್ತು ಯೀಸ್ಟ್ ಸೇರಿ 1,000. ಇ. ಕೋಲೈ, ಸಾಲ್ಮೊನೆಲ್ಲಾ ಇರಲೇಬಾರದು. ಕಾಯಿ ತೊಳೆಯುವುದಾದರೆ ಹರಿಯುವ ನೀರಲ್ಲಿ ಬೇಗ ತೊಳೆದು ಅಂದೇ ಡ್ರೈಯರ್‌ಗೆ ಹಾಕಿ. ಚೀಲ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ.

ಮೈಸೂರು, ಕ್ಯೂಸಿ ವಿಭಾಗ: ಒಂದು ಬಿಟ್ಟುಹೋಗಿತ್ತು. ಬೀಜ ತೆಗೆದ ಮೇಲೆ ಮೂರನ್ನೂ ಬೇರೆ ಬೇರೆ ಪುಡಿ ಮಾಡಿ, ಜರಡಿ ಹಿಡಿದು, ಆಮೇಲೆ ಸಮ ತೂಕ ಬೆರೆಸಿ. ಇಡೀ ಕಾಯಿ ತೂಗಿ ಹಾಕಿದರೆ ಪ್ರಮಾಣ ಕೆಡುತ್ತದೆ.

ಪ್ರಶ್ನೆ ಕೇಳಿದವರು: ಗಂಟು ಮೇಲ್ಭಾಗದಲ್ಲೇ ಇದೆ, ಜಾಲರಿಯೂ ಕಬ್ಬಿಣದ್ದೇ. ಫೇಲಾದ ಬ್ಯಾಚನ್ನು ಮತ್ತೆ ಒಣಗಿಸಿ ಹೊಸದಕ್ಕೆ ಬೆರೆಸಬಹುದಾ ಸರ್?

ನಂಜನಗೂಡು, ಲ್ಯಾಬ್: ಖಂಡಿತ ಬೇಡ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲಬಹುದು, ಅದು ಆಗಲೇ ಬಿಟ್ಟಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಹೋಗಲ್ಲ. ‘ತಿರಸ್ಕೃತ’ ಎಂದು ಚೀಟಿ ಅಂಟಿಸಿ ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಬ್ಯಾಚ್ ನಂಬರ್, ತೂಕ, ನಾಶ ಮಾಡಿದ ದಿನಾಂಕ ರಿಜಿಸ್ಟರಿಗೆ ಬರೆಯಿರಿ. ಅದೇ ಚೀಲದ ಕಾಯಿ ಉಳಿದಿದ್ದರೆ ಅದನ್ನೂ ಪರೀಕ್ಷೆಗೆ ಕಳಿಸಿ.