ಪಿಕಪ್‌ಗೆ ಟರ್ಬೋನಾ, ನಾನ್-ಟರ್ಬೋನಾ?

ಕೇಳಿದ್ದು: ಬಾಡಿಗೆಗೆ ಓಡಿಸೋಕೆ ಪಿಕಪ್ ತಗೋಬೇಕು. ದಿನಾ ಕಲಾಸಿಪಾಳ್ಯದಿಂದ ಎಚ್‌ಎಸ್‌ಆರ್, ಮಾರತ್ತಹಳ್ಳಿಗೆ ತರಕಾರಿ, 700 ಕೆಜಿ ಒಳಗೆ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಮೇಲೆ ಮಂಗಳೂರು, ಆಗ ಹೋಗ್ತಾ ಬರ್ತಾ ಒಂದು ಟನ್ ದಾಟುತ್ತೆ. ಕೆಲವರು ಟರ್ಬೋ (ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಭಾಗ) ಇರೋ ಡೀಸೆಲ್ಲೇ ಸರಿ ಅಂತಾರೆ, ಕೆಲವರು ಟರ್ಬೋ ಕೈಕೊಟ್ರೆ ದುಡಿದಿದ್ದೆಲ್ಲ ಹೋಗುತ್ತೆ ಅಂತಾರೆ. ಗೊತ್ತಿರೋರು ಹೇಳಿ.

ಹಾಸನ ಲೈನ್: ಮೊದಲು ಆರ್‌ಸಿಯಲ್ಲಿ ಬರೆದಿರೋ ತೂಕ ನೋಡಿ, ಇಂಜಿನ್ ಆಮೇಲೆ. ಈಗ ಹೊಸದಾಗಿ ಸಿಗೋ ನಾನ್-ಟರ್ಬೋ ಅಂದ್ರೆ ಬಹುಪಾಲು ಪೆಟ್ರೋಲ್, ಸಿಎನ್‌ಜಿ ಸಣ್ಣ ಗಾಡಿಗಳು: ಟಾಟಾ ಏಸ್ ಗೋಲ್ಡ್ ಪೆಟ್ರೋಲ್ (694 ಸಿಸಿ), ಮಾರುತಿ ಸೂಪರ್ ಕ್ಯಾರಿ (1.2 ಲೀಟರ್). ಇವಕ್ಕೆ ಮುಕ್ಕಾಲು ಟನ್ನೇ ಮಿತಿ. ಒಂದು ಟನ್ ಹಾಕಿದ್ರೆ ಇಂಜಿನ್ ಎಳೆದ್ರೂ ಬ್ರೇಕು, ಲೀಫ್ ಸ್ಪ್ರಿಂಗು ತಡೆಯಲ್ಲ. ಟನ್ ದಾಟೋ ಇಂಟ್ರಾ ವಿ30, ದೋಸ್ತ್, ಬೊಲೆರೊ ಪಿಕಪ್ ಇವುಗಳ ಡೀಸೆಲ್ ಮಾದರಿ ಎಲ್ಲಾ ಟರ್ಬೋ. ಇಂಟ್ರಾ ವಿ30ಯ 140 ಎನ್‌ಎಂ ಟಾರ್ಕ್ (ಎಳೆಯೋ ಬಲ) 1800 ಆರ್‌ಪಿಎಂಗೇ ಸಿಗುತ್ತೆ. ಸಣ್ಣ ಪೆಟ್ರೋಲ್ ಇಂಜಿನ್‌ನಲ್ಲಿ ಅದಕ್ಕಿಂತ ಕಡಿಮೆ ಟಾರ್ಕ್‌ಗೂ 3000ದ ಹತ್ತಿರ ತಿರುಗಿಸಬೇಕು. ಶಿರಾಡಿಯ ಮಾರನಹಳ್ಳಿ ಏರಿನಲ್ಲಿ ಒಂದನೇ ಗೇರಾ, ಎರಡನೇ ಗೇರಾ ಅನ್ನೋದು ಇಲ್ಲೇ ತೀರ್ಮಾನ ಆಗೋದು.

ಇನ್ನೊಂದು ವಿಷಯ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ನಾನ್-ಟರ್ಬೋ ಇಂಜಿನ್‌ಗೆ ಶಕ್ತಿ ಹತ್ತರಲ್ಲಿ ಒಂದು ಪಾಲು ಇಲ್ಲೇ ಕಡಿಮೆ. ಸಿಎನ್‌ಜಿ ಆದ್ರೆ ಗ್ಯಾಸೇ ಗಾಳಿಯ ಜಾಗ ತಗೊಳ್ಳೋದರಿಂದ ಇನ್ನಷ್ಟು ಇಳಿಯುತ್ತೆ. ಟರ್ಬೋ ಸ್ವಲ್ಪ ಜಾಸ್ತಿ ತಿರುಗಿ ಆ ಕೊರತೆ ತುಂಬಿಕೊಳ್ಳುತ್ತೆ.

ಪೀಣ್ಯ ಡೀಸೆಲ್: ಟರ್ಬೋ ತಾನಾಗಿ ಕೆಡೋದು ಕಮ್ಮಿ, ಆಯಿಲ್ ಅದನ್ನ ಕೆಡಿಸೋದು ಜಾಸ್ತಿ. ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತೆ, ನಿಂತಿರೋದು ಬರೀ ಆಯಿಲ್ ಪದರದ ಮೇಲೆ. ಘಾಟಿ ಹತ್ತಿದ ತಕ್ಷಣ ಟೀ ಅಂಗಡಿ ಮುಂದೆ ಕೀ ತಿರುಗಿಸಿಬಿಟ್ರೆ ಪಂಪ್ ನಿಲ್ಲುತ್ತೆ, ಕಾದ ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳಿ ಬಂದ ಗಾಡಿಗೆ ಈ ಶಾಸ್ತ್ರ ಬೇಕಾಗಿಲ್ಲ, ಆಗಲೇ ತಣ್ಣಗಾಗಿರುತ್ತೆ.

ಗಾಡಿ ಎಳೀತಿಲ್ಲ, ಕಪ್ಪು ಹೊಗೆ ಅಂದ ಕೂಡಲೇ ಟರ್ಬೋ ಬಿಚ್ಚಿಸಬೇಡಿ. ಮೊದಲು ಏರ್ ಫಿಲ್ಟರ್, ಆಮೇಲೆ ಇಂಟರ್‌ಕೂಲರ್ (ಟರ್ಬೋದಿಂದ ಬರೋ ಗಾಳಿ ತಣ್ಣಗೆ ಮಾಡೋದು) ಹೋಸ್‌ಗಳು. ಕ್ಲಾಂಪ್ ಸಡಿಲವಾಗಿ ಗಾಳಿ ಸೋರಿದ್ರೂ ಇದೇ ಲಕ್ಷಣ, ಲೋಡ್ ಮೇಲೆ ಬುಸ್ ಅನ್ನೋ ಸದ್ದೂ ಬರುತ್ತೆ. ಕ್ಲಾಂಪ್ ಬಿಗಿ ಮಾಡೋ ಕೆಲಸಕ್ಕೆ ಟರ್ಬೋ ಬಿಲ್ ಕಟ್ಟಿದೋರು ಬೇಕಾದಷ್ಟು ಜನ ಇದ್ದಾರೆ.

ನಾಗರಬಾವಿ: ಮೇಲಿನವರು ಹೇಳಿದ್ದು ಘಾಟಿಗೆ ಸರಿ. ಆದ್ರೆ ಅಣ್ಣಂದು ಬಹುಪಾಲು ದಿನ ಓಡಾಟ ಸಿಟಿ ಒಳಗೆ, ಬಿಎಸ್-6 ಡೀಸೆಲ್‌ಗೆ ಅದೇ ಪೆಟ್ಟು. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಗಾಡಿಯಲ್ಲಿ ಮಸಿ ಸುಡೋಕೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ನಿಂತು ನಿಂತು ಹೋಗೋ ಓಟದಲ್ಲಿ ಸುಡೋದು ಅರ್ಧಕ್ಕೇ ನಿಂತು, ಸುಡೋಕೆ ಅಂತ ಇಂಜಿನ್‌ಗೆ ಬಿಟ್ಟ ಹೆಚ್ಚುವರಿ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ರೆ ಖುಷಿ ಪಡಬೇಡಿ, ತೆಳುವಾದ ಆ ಆಯಿಲ್ಲೇ ಟರ್ಬೋ ಬೇರಿಂಗ್ ತಿನ್ನೋದು. ಡಿಪಿಎಫ್ ಲ್ಯಾಂಪ್ ಬಂದ್ರೆ ನೈಸ್ ರಸ್ತೆಯಲ್ಲಿ 20 ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಆಯಿಲ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡೇ ಹಾಕಿಸಿ. ಹಳೇ ಡೀಸೆಲ್‌ಗೆ ಹಾಕ್ತಿದ್ದ ಸಿಐ-4 ಪ್ಲಸ್‌ನ ಬೂದಿ ಡಿಪಿಎಫ್‌ನಲ್ಲಿ ಕೂತ್ರೆ ಮತ್ತೆ ಸುಡಲ್ಲ.

ನನ್ನ ಲೆಕ್ಕದಲ್ಲಿ, ಮಂಗಳೂರು ಬಾಡಿಗೆ ಖಾಯಂ ಅಲ್ಲ ಅಂದ್ರೆ ನಾನ್-ಟರ್ಬೋ ಸಿಎನ್‌ಜಿ ತಗೊಂಡು, ಆ ಎರಡು ಟ್ರಿಪ್‌ಗೆ ಬೇರೆಯವರ ಗಾಡಿ ಕಟ್ಟಿಸೋದೇ ಲಾಭ. ಸ್ಪಾರ್ಕ್ ಪ್ಲಗ್, ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಸಂದು) ಮಾತ್ರ ಮರೆಯಬಾರದು, ಸಿಎನ್‌ಜಿಯಲ್ಲಿ ವಾಲ್ವ್ ಸೀಟ್ ಬೇಗ ಸವೆಯುತ್ತೆ.

ಕೇಳಿದೋರು: ಮಂಗಳೂರು ಪಾರ್ಟಿ ಖಾಯಂ, ಬಿಡೋಕಾಗಲ್ಲ. ಹಾಗಾದ್ರೆ ಟರ್ಬೋನೇ, ಆದ್ರೆ ಸೆಕೆಂಡ್ ಹ್ಯಾಂಡ್. ಏನು ನೋಡಲಿ?

ಪೀಣ್ಯ ಡೀಸೆಲ್: ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿ ಇಟ್ಟಿದ್ರೆ ಅಲ್ಲೇ ಅನುಮಾನ ಪಡಿ. ಸ್ಟಾರ್ಟ್ ಮಾಡೋ ಮುಂಚೆ ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗೋ ಹೋಸ್ ಬಿಚ್ಚಿಸಿ, ಶಾಫ್ಟ್ ಬೆರಳಲ್ಲಿ ಅಲ್ಲಾಡಿಸಿ. ಅಡ್ಡಡ್ಡ ಕೂದಲೆಳೆಯಷ್ಟು ಆಟ ಇದ್ರೆ ಸರಿ. ಹಿಂದೆ ಮುಂದೆ ಜಗ್ಗಿದಾಗ ಕೈಗೆ ಗೊತ್ತಾಗೋ ಆಟ ಇರಬಾರದು, ರೆಕ್ಕೆ ಗೂಡಿಗೆ ಉಜ್ಜಿದ ಗುರುತೂ ಇರಬಾರದು. ಇಂಟರ್‌ಕೂಲರ್ ಪೈಪ್‌ನಲ್ಲಿ ಆಯಿಲ್ ಜಿಡ್ಡು ಸಹಜ, ಬಗ್ಗಿಸಿದ್ರೆ ಸುರಿಯೋ ಹಾಗಿದ್ರೆ ಬೇಡ. ಹೋಸ್ ವಾಪಸ್ ಹಾಕಿಸಿ ಸ್ಟಾರ್ಟ್ ಮಾಡಿ, ಐದು ನಿಮಿಷ ಐಡಲ್ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ. ನೀಲಿ ಹೊಗೆ ಬಂದ್ರೆ ಸೀಲ್ ಹೋಗಿದೆ, ಇಲ್ಲಾ ಆಯಿಲ್ ವಾಪಸ್ ಬರೋ ಪೈಪ್ ಕಟ್ಟಿದೆ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ದಬದಬ ಹೊಗೆ ಉಗಿದ್ರೆ ಪಿಸ್ಟನ್ ರಿಂಗೇ ಸವೆದಿದೆ, ಅದಕ್ಕೆ ಟರ್ಬೋ ಬದಲಾಯಿಸಿ ಉಪಯೋಗ ಇಲ್ಲ.

ಜೆ.ಸಿ. ರೋಡ್ ಸ್ಪೇರ್ಸ್: "ಟರ್ಬೋ ಹೊಸದು ಹಾಕ್ಸಿದೀನಿ ಸಾರ್" ಅಂದ್ರೆ ಆಯಿಲ್ ಫೀಡ್ ಪೈಪ್ ಬದಲಾಯಿಸಿದ್ರಾ ಅಂತ ಕೇಳಿ. ಹಳೇ ಪೈಪ್ ಒಳಗಿನ ಕರಿ ಹಾಗೇ ಬಿಟ್ರೆ ಹೊಸ ಟರ್ಬೋನೂ ಅದೇ ದಾರಿ ಹಿಡಿಯುತ್ತೆ. ರಿಟರ್ನ್ ಪೈಪ್ ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕೋನ್ ಪೇಸ್ಟ್ ಮೆತ್ತಿರೋದು ಕಂಡ್ರೆ ಬೆಲೆ ಇಳಿಸಿ ಮಾತಾಡಿ. ಪೇಸ್ಟ್ ಒಳಗೆ ಉಬ್ಬಿ ದಾರಿ ಮುಚ್ಚಿರುತ್ತೆ, ಅದನ್ನ ಬಿಚ್ಚಿ ಸರಿ ಮಾಡಿಸೋ ಖರ್ಚು ನಿಮ್ಮ ತಲೆಗೇ ಬರೋದು.