ಸರ್ವರ್ ಇನ್ನೂ ಎಲೆ ಹಾಕಿಲ್ಲ

ಸುಬ್ಬಣ್ಣ ತಗೊಂಡ ಹೊಸ ಆನ್‌ಲೈನ್ ಕ್ರಿಕೆಟ್ ಗೇಮ್ ಇನ್ನೂ ಒಳಗೆ ಬಿಟ್ಟಿರಲಿಲ್ಲ. ಟಿವಿಯಲ್ಲಿ ಅಂಕಿ ಅಲುಗಾಡದೆ ನಿಂತಿತ್ತು. ನಿಮ್ಮ ಸರದಿ: 41,208.

"ಎಷ್ಟು ಜನ ಬಂದರೂ ತಡೆಯುತ್ತಾ ಅಂತ ಹೋದ ವಾರ ಪೂರ್ತಿ ಲೋಡ್ ಟೆಸ್ಟ್ ಮಾಡಿದ್ದಾರೆ ಅಣ್ಣ. ಪ್ರಯೋಗಕ್ಕೆ ಅಂತ ಬೀಟಾ ಕೂಡ ಬಿಟ್ಟಿದ್ದರು. ಸರ್ವರ್ ಪಕ್ಕಾ ರೆಡಿ," ಎಂದ ಮಂಜ.

"ನಾನು ಕಂಡ ಸರ್ವರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಇಡ್ಲಿಯಿಂದ ಜಾಮೂನಿನವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಇದು ಬರೀ ಟೋಕನ್ ಕೊಟ್ಟು ಕೂರಿಸಿದೆ," ಎಂದ ಸುಬ್ಬಣ್ಣ.

"ಟೆಸ್ಟಿಗೆ ಯಾರು ಬಂದಿದ್ದರು?" ರಾಜಿ ಕೇಳಿದಳು.

"ಬಾಟ್‌ಗಳು. ಸುಳ್ಳು ಆಟಗಾರರು. ಪ್ರೋಗ್ರಾಮ್ ಬರೆದು ಸಾವಿರಗಟ್ಟಲೆ ಲಾಗಿನ್ ಮಾಡಿಸಿ, ಮ್ಯಾಚ್ ಆಡಿಸಿ, ಹೊರಗೆ ಕಳಿಸುತ್ತಾರೆ."

"ಅಲ್ಲೇ ಕೆಟ್ಟಿರೋದು!" ಎಂದ ಸುಬ್ಬಣ್ಣ. "ಹೇಳಿದಾಗ ಬಂದು, ಹಾಕಿದ್ದು ಉಂಡು, ತಾಂಬೂಲ ತಗೊಂಡು ಹೊರಡೋ ಬೀಗರನ್ನು ಯಾವ ಮದುವೆಯಲ್ಲಿ ನೋಡಿದ್ದೀಯ? ನಿಜವಾದ ಜನ ಬೇರೆ. ಉಣ್ಣೋನು ಇನ್ನೂ ಪಾಯಸ ಮುಟ್ಟಿರಲ್ಲ, ಆಗಲೇ ಅವನ ಕುರ್ಚಿ ಹಿಡಿದು ಹಿಂದೆ ನಿಂತಿರುತ್ತಾರೆ. ಟೆಸ್ಟ್ ಮಾಡೋದಾದರೆ ಅಂಥವರನ್ನು ಕರೆದು ಮಾಡಬೇಕು."

"ಮ್ಯಾಚ್ ನಡೆಸೋ ಸರ್ವರ್ ಬೇಕಾದಾಗ ಜಾಸ್ತಿ ಮಾಡಿಕೊಳ್ಳಬಹುದು ಅಣ್ಣ. ಸಿಕ್ಕಿಹಾಕಿಕೊಳ್ಳೋದು ಲಾಗಿನ್‌ನಲ್ಲಿ. ಎಲ್ಲರೂ ಒಂದೇ ನಿಮಿಷಕ್ಕೆ ಬಂದರೆ ಹಿಂದೆ ಎಲ್ಲರ ಖಾತೆ ಇಟ್ಟಿರೋ ಡೇಟಾಬೇಸ್ ಏದುಸಿರು ಬಿಡುತ್ತೆ."

"ಅಂದರೆ ಹಂಡೆಗಟ್ಟಲೆ ಸಾರು ಇದೆ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸೋಕೆ ಮಾತ್ರ ಒಬ್ಬಳೇ ಹುಡುಗಿ."

ರಾಜಿ ಸುಮ್ನೆ ಇರಲಾರದೆ 'ಮತ್ತೆ ಪ್ರಯತ್ನಿಸಿ' ಒತ್ತಿದಳು. 52,640.

"ಅಯ್ಯೋ, ಒತ್ತಬೇಡ ಕಣೇ!" ಮಂಜ ಕೂಗಿದ. "ಪ್ರತಿ ಸಲ ಒತ್ತಿದಾಗಲೂ ಹೊಸ ರಿಕ್ವೆಸ್ಟ್ ಹೋಗುತ್ತೆ. ಆಗದಿದ್ದರೆ ಒಂದು ಸೆಕೆಂಡು ಬಿಟ್ಟು ಕೇಳಬೇಕು, ಆಮೇಲೆ ಎರಡು, ಆಮೇಲೆ ನಾಲ್ಕು."

"ನಾಲ್ಕು ಸೆಕೆಂಡು ಕಾದು ಸಾರು ಕೇಳಿದವನಿಗೆ ನಮ್ಮ ಕಡೆ ಮಜ್ಜಿಗೆ ಬಡಿಸಿ ಎಬ್ಬಿಸುತ್ತಾರೆ. ಹೋಗಲಿ, ನನ್ನ ಪ್ರಶ್ನೆ ಬೇರೆ. ನಾನೊಬ್ಬ, ಎದುರಿಗೆ ಕಂಪ್ಯೂಟರ್. ನನ್ನ ಮನೆ ಹಾಲಿನಲ್ಲಿ ನಾನು ಬ್ಯಾಟ್ ಎತ್ತೋಕೆ ಮುಂಬೈಯಲ್ಲೋ ಸಿಂಗಪುರದಲ್ಲೋ ಇರೋ ಸರ್ವರ್ ಅಪ್ಪಣೆ ಕೊಡಬೇಕಾ? 2006ರಲ್ಲಿ ಬಂದ 'ಕ್ರಿಕೆಟ್ 07' ಇವತ್ತಿಗೂ ಆಡೋರಿದ್ದಾರೆ. 2020ರ ಬ್ಯಾಸ್ಕೆಟ್‌ಬಾಲ್ ಗೇಮ್ 'ಎನ್‌ಬಿಎ 2ಕೆ21' ನೋಡು, 2023ರ ಕೊನೆಗೆ ಸರ್ವರ್ ಬಂದ್. ತೆರೆಯೋವಾಗ ವಾಲಗ ಊದಿಸುತ್ತಾರೆ, ಮುಚ್ಚೋವಾಗ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತಾರೆ."

"ಇಷ್ಟೆಲ್ಲ ಗೊತ್ತಿದ್ದೂ ದುಡ್ಡು ಕೊಟ್ಟು ಇದನ್ನು ತಗೊಂಡಿದ್ದು ಯಾಕೆ?" ಎಂದಳು ರಾಜಿ.

ಸುಬ್ಬಣ್ಣ ಕಾಫಿ ಲೋಟ ಬಗ್ಗಿಸಿ ನೋಡಿದ. ತಳದಲ್ಲಿ ಗಸಿ ಮಾತ್ರ ಇತ್ತು.

"ಗಿರಿ ತಗೊಂಡ, ಅದಕ್ಕೆ. ಆಗ ನಮ್ಮಿಬ್ಬರಿಗೂ ಒಂದೇ ಕೀಬೋರ್ಡು. ಬಲಗಡೆ ಬಾಣದ ಕೀಗಳು ಅವನವು, ಎಡಗಡೆ ನನ್ನದು. ನಾನು ಸಿಕ್ಸ್ ಎತ್ತೋ ಹೊತ್ತಿಗೆ ಸರಿಯಾಗಿ ಮೊಣಕೈಯಲ್ಲಿ ತಿವಿಯುತ್ತಿದ್ದ. ಈಗ ಟೊರಾಂಟೊದಲ್ಲಿದ್ದಾನೆ. ಅಷ್ಟು ದೂರದಿಂದ ತಿವಿಯೋಕೆ ಸರ್ವರ್ ಬೇಕಲ್ಲ."

"ಟೊರಾಂಟೊ ಅಂದರೆ ಪಿಂಗ್, ಅದೇ ಸಿಗ್ನಲ್ ಹೋಗಿ ಬರೋ ಹೊತ್ತು, 200 ಮಿಲಿಸೆಕೆಂಡು ದಾಟುತ್ತೆ," ಮಂಜ ಲೆಕ್ಕ ಹಾಕಿದ. "140 ಕಿ.ಮೀ. ವೇಗದ ಚೆಂಡು ಬ್ಯಾಟಿಗೆ ಬರೋದೇ ಅರ್ಧ ಸೆಕೆಂಡಿನಲ್ಲಿ. ಅದರಲ್ಲಿ 200 ಮಿಲಿಸೆಕೆಂಡು ತಂತಿಯಲ್ಲೇ ಹೋಯಿತು. ನೀವು ಔಟೇ ಅಣ್ಣ."

"ಔಟಾದರೆ ನೆಟ್‌ವರ್ಕ್ ಸರಿಯಿಲ್ಲ ಅಂತೀನಿ. ಆಗ ಮೊಣಕೈ ಅಂತಿದ್ದೆ."

ಫೋನು ಗುಂಯ್ ಎಂದಿತು. ಗಿರಿಯ ಮೆಸೇಜು: "ನಂದು 38,911. ನಿಂದೆಷ್ಟೋ?"

ಸುಬ್ಬಣ್ಣ ಟಿವಿ ನೋಡಿದ. 52,633. ಕನ್ನಡಕ ಮೇಲೇರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ.

"ನೀನು ಮೊದಲು ಒಳಗೆ ಹೋಗ್ತೀಯ. ಪಕ್ಕದ ಸೀಟಿಗೆ ಕರ್ಚೀಫ್ ಹಾಕಿರು."